ಪನ್ಹಾಳದ ಗುಡ್ಡದೂರು, ಮಿರಿಂಜೆಯ ಬಯಲು: ಶಿಲಾಹಾರ ನೆಲೆಯೊಂದನ್ನು ಕುರಿತ ಟಿಪ್ಪಣಿ

ಕೊಲ್ಲಾಪುರದಿಂದ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಸಹ್ಯಾದ್ರಿಯಿಂದ ಕವಲೊಡೆದು ಮೂಡಲಿಗೆ ಚಾಚಿದ ಗುಡ್ಡವೊಂದರ ನೆತ್ತಿಯ ಮೇಲೆ ಪನ್ಹಾಳ ಇದೆ. ಸುತ್ತಣ ಬಯಲಿಗಿಂತ ಸುಮಾರು 400 ಮೀಟರ್ ಎತ್ತರ. ಏಳು ಕಿಲೋಮೀಟರಿಗೂ ಮಿಕ್ಕಿದ ಕೋಟೆಗೋಡೆ ಮುಕ್ಕೋನಾಕಾರದ ಬಯಲೊಂದನ್ನು ಬಳಸಿ ನಿಂತಿದೆ. ಅದರೊಳಗೆ ಊರಿದೆ, ನಗರ ಪರಿಷತ್ತಿದೆ, ಶಾಲೆ, ಗುಡಿ, ದರ್ಗಾ, ಅಂಗಡಿಸಾಲುಗಳಿವೆ. ದಕ್ಷಿಣ ಮಹಾರಾಷ್ಟ್ರದ ಗಡಕೋಟೆಗಳಲ್ಲಿ ಹೆಚ್ಚಿನವು ಇಂದು ಪಾಳು ಬಿದ್ದಿವೆ. ಪನ್ಹಾಳದಲ್ಲಿ ಮಾತ್ರ ಮೂರು ಸಾವಿರದ ಆಸುಪಾಸಿನ ಜನ ಈಗಲೂ ಒಲೆ ಹೊತ್ತಿಸುತ್ತಾರೆ. ಮಧ್ಯಕಾಲದ ಗುಡ್ಡದೂರು ಹೇಗಿತ್ತೆಂದು ಕಣ್ಣಾರೆ ಕಾಣಲು ಸಾಂಗ್ಲಿ-ಮಿರಜ ಕಡೆಯವರಿಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಈ ಟಿಪ್ಪಣಿಯ ವಾದ ಚಿಕ್ಕದು. ಪನ್ಹಾಳದ ಮರಾಠಾ ಕಾಲದ ಕಥೆ ಗುಡ್ಡದ ಮೇಲೆಯೇ ಸಿಗುತ್ತದೆ. ಅದು ಚೆನ್ನಾಗಿ ಹೇಳಿರುವ ಕಥೆಯೂ ಹೌದು. ಆದರೆ ಗುಡ್ಡವನ್ನು ರಾಜಧಾನಿಯಾಗಿಸಿಕೊಂಡ ಶಿಲಾಹಾರರ ಕಾಲವನ್ನು ಅರಿಯಬೇಕಾದರೆ ಬಯಲಿಗೆ ಇಳಿಯಬೇಕು: ಕೊಲ್ಲಾಪುರ, ಮಿರಜ, ಖಿದ್ರಾಪುರ, ತೇರದಾಳಗಳ ಕಲ್ಲುಗಳನ್ನೂ ತಾಮ್ರಪಟಗಳನ್ನೂ ಓದಬೇಕು. ಅವುಗಳಲ್ಲಿ ಬಹುಪಾಲು ಕನ್ನಡ ಭಾಷೆಯಲ್ಲಿವೆ, ಇಲ್ಲವೇ ಕನ್ನಡ ಲಿಪಿಯಲ್ಲಿವೆ. ಇದರಿಂದ ನೆಲ ಯಾರದು ಎಂಬ ಜಗಳ ತೆಗೆಯುವುದು ನನ್ನ ಉದ್ದೇಶವಲ್ಲ. ದಾಖಲೆ ಯಾವ ಭಾಷೆಯಲ್ಲಿದೆಯೋ ಆ ಭಾಷೆ ಬಲ್ಲವರು ಅದನ್ನು ಓದಿ ಎಲ್ಲರ ಮುಂದಿಡಬೇಕು, ಅಷ್ಟೇ.

ಮೊದಲು ಗುಡ್ಡದ ಮೇಲೆ ಕಾಣುವುದನ್ನು ಹೇಳುತ್ತೇನೆ.

ಕೊಲ್ಲಾಪುರದ ಕಡೆಯಿಂದ ಬರುವ ಡಾಂಬರು ದಾರಿ ಬುಧವಾರ ಪೇಠವನ್ನು ಹಾಯ್ದು ಮೇಲೇರಿ, ಹಿಂದೆ ಚಾರ್ ದರವಾಜಾ ಇದ್ದ ಜಾಗದಲ್ಲಿ ಕೋಟೆಯನ್ನು ಹೊಗುತ್ತದೆ. 1844ರ ಬಂಡಾಯದಲ್ಲಿ ಕರ್ನಲ್ ಓವನ್ಸ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ಹಿಡಿದು ಪನ್ಹಾಳದಲ್ಲಿ ಸೆರೆಯಿಟ್ಟಿದ್ದರು. ಅದಕ್ಕೆ ಉತ್ತರವಾಗಿ ಬಂದ ಕಂಪನಿಯ ದಂಡು ಗೋಡೆ ಒಡೆದು ಗಡವನ್ನು ಹಿಡಿಯಿತು. ಆ ಬಾಗಿಲು ಅಲ್ಲಿಗೆ ನೆಲಸಮವಾಯಿತು. ಹಾಗಾಗಿ ಇಂದು ಪನ್ಹಾಳಕ್ಕೆ ಬರುವವರು ಕೋಟೆಯನ್ನು ಹೊಕ್ಕದ್ದೇ ಅರಿವಾಗದೆ ಊರೊಳಗೆ ನಿಂತಿರುತ್ತಾರೆ. ಕೋಟೆಯ ಬಿಗಿ ಅನುಭವಕ್ಕೆ ಬರಬೇಕಾದರೆ ಪಡುವಣದ ತೀನ್ ದರವಾಜಾಕ್ಕೆ ನಡೆದು ಹೋಗಬೇಕು. ಒಂದು ಬಾಗಿಲು ದಾಟಿದರೆ ಕಮಾನುಗಳ ಅಂಗಳ, ಅದರಾಚೆ ಮತ್ತೊಂದು ಬಾಗಿಲು. ನುಗ್ಗಿ ಬಂದ ವೈರಿ ಆ ಅಂಗಳದಲ್ಲಿ ಸಿಕ್ಕಿಕೊಳ್ಳಬೇಕು ಎಂಬುದು ಲೆಕ್ಕ. ಕೆತ್ತನೆ ವಿಜಾಪುರದ ಕೈಯದು, ಬರಹ ಫಾರ್ಸಿಯದು.

ಅಲ್ಲಿಂದ ಕೆಲವೇ ಹೆಜ್ಜೆಗಳಲ್ಲಿ ಅಂಧಾರ ಬಾವಡಿ. ಮೇಲಿನಿಂದ ನೋಡಿದವರಿಗೆ ಅದು ಬಾವಿಯೆಂದು ಹೊಳೆಯುವುದಿಲ್ಲ. ಮೂರು ಅಂತಸ್ತಿನ ಕಲ್ಲುಕಟ್ಟಡದ ತಳದಲ್ಲಿ ನೀರು. ನಡುವಿನ ಅಂತಸ್ತಿನಲ್ಲಿ ಕಾವಲಿನವರಿಗೆ ತಂಗುವ ಎಡೆ, ಅಲ್ಲಿಂದಲೇ ಕೋಟೆಯಾಚೆಗೆ ಒಂದು ಗುಪ್ತದಾರಿ. ಮುತ್ತಿಗೆ ಹಾಕಿದವರು ನೀರಿಗೆ ವಿಷ ಬೆರೆಸುವ ಕಾಲವದು. ನೀರಿನ ಸೆಲೆಯೊಂದಕ್ಕೆ ಕೋಟೆಯೊಳಗೆ ಮತ್ತೊಂದು ಕೋಟೆ ಕಟ್ಟಿದ್ದಾರೆ ಎಂದರೆ ಸರಿಹೋದೀತು. ಊರ ನಡುವಿನ ಅಂಬರಖಾನೆಯ ಕಣಜಗಳಿಗೆ ಗಂಗಾ, ಯಮುನಾ, ಸರಸ್ವತಿ ಎಂದು ಹೆಸರು. ದೊಡ್ಡದಾದ ಗಂಗಾ ಕೋಠಿಯ ಎತ್ತರ ಹತ್ತು ಮೀಟರಿಗೂ ಹೆಚ್ಚು, ಹಿಡಿಯುತ್ತಿದ್ದ ಕಾಳು 25,000 ಖಂಡುಗ ಎಂದು ಹೇಳುತ್ತಾರೆ. ಹೊರಗೋಡೆಗೆ ಹೊಂದಿಸಿದ ಮೆಟ್ಟಿಲೇರಿ ಚಾವಣಿಗೆ ಹೋದರೆ ಪ್ರತಿ ಅಂಕಣದ ಕಮಾನಿನ ನೆತ್ತಿಯಲ್ಲೂ ಒಂದು ತೂತು ಕಾಣುತ್ತದೆ: ಕಾಳನ್ನು ಸುರಿಯುವುದು ಅಲ್ಲಿಂದ. ಅಕ್ಕಿ, ರಾಗಿ, ವರಿ ಇವು ಅಲ್ಲಿ ತುಂಬುತ್ತಿದ್ದ ಧಾನ್ಯಗಳು. ಪಡುವಣ ಘಟ್ಟದ ಬೆಳೆ ಯಾವುದೆಂದು ಕಣಜದ ಲೆಕ್ಕವೇ ಹೇಳುತ್ತದೆ. ಬಿಳಿಜೋಳದ ಸೀಮೆ ಇಲ್ಲಿಂದ ಮೂಡಲಿಗೆ, ಮಿರಜ ದಾಟಿದ ಮೇಲೆ ಶುರು.

ನೀರು ಮತ್ತು ಕಾಳು ಎರಡನ್ನೂ ನೋಡಿದ ಮೇಲೆ ಗುಡ್ಡದ ನೆಲದ ಬಗ್ಗೆ ಎರಡು ಮಾತು ಹೇಳಲೇಬೇಕು. ಈ ಭಾಗದ ಗುಡ್ಡಗಳ ಒಡಲು ಕರಿಕಲ್ಲು, ನೆತ್ತಿ ಜಂಬಿಟ್ಟಿಗೆಯದು. ಜಂಬಿಟ್ಟಿಗೆ ತೂತುತೂತಾದ ಕಲ್ಲು. ಮಳೆ ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಪದರ ತಡೆದ ಕಡೆ ಒರತೆಯಾಗಿ ಹೊರಡುತ್ತದೆ. ಸೋಮೇಶ್ವರ ಕೆರೆ, ಸಾಧೋಬಾ ಕೆರೆಗಳು ತುಂಬುವುದಕ್ಕೂ ಪನ್ಹಾಳದಲ್ಲಿ ಊರು ನಿಲ್ಲುವುದಕ್ಕೂ ಇದೇ ಕಾರಣ. ಜಂಬಿಟ್ಟಿಗೆಯ ಅಂಚು ಕಡಿದಾಗಿ ನಿಲ್ಲುವುದರಿಂದ ಅರ್ಧ ಕೋಟೆಯನ್ನು ನಿಸರ್ಗವೇ ಕಟ್ಟಿಕೊಟ್ಟಿದೆ. ಆದರೆ ನೀರು ಕುಡಿದ ನೆಲ ಜಾರುವುದೂ ಉಂಟು. 2021ರ ಜುಲೈ ಮಳೆಯಲ್ಲಿ ಏರುದಾರಿಯ ಒಂದು ಭಾಗ ಕುಸಿದು ಊರಿನ ಸಂಪರ್ಕ ತಪ್ಪಿತ್ತು. ಮಿರಜದಿಂದ ಪಂಢರಪುರದ ದಾರಿಯಲ್ಲಿ ಸಿಗುವ ದಂಡೋಬಾ ಗುಡ್ಡವನ್ನು ಹೋಲಿಸಿ ನೋಡಬಹುದು. ಅಲ್ಲಿ ಬಂಡೆಯನ್ನು ಕೊರೆದು ಮಾಡಿದ ಶಿವಾಲಯವಿದೆ, ಅದನ್ನು ಮಾಡಿಸಿದವನು ಸಿಂಘಣನೆಂಬ ಅರಸನೆಂದು ಐತಿಹ್ಯವೂ ಇದೆ. ದೇವರು ಬಂದು ನೆಲೆಸಿದ, ಊರು ಬರಲಿಲ್ಲ. ಆ ಮೂಡಣ ಸೀಮೆ ಮಳೆ ಕಡಿಮೆಯ ಸೀಮೆ.

ಇಷ್ಟು ಹೊತ್ತು ಹೇಳಿದ ಗಡದ ಕಟ್ಟಡಗಳೆಲ್ಲ ಆದಿಲಶಾಹಿ ಕಾಲದವು ಅಥವಾ ಆಮೇಲಿನವು. ಊರಿನ ಮಾರ್ಗದರ್ಶಕರು ಹೇಳುವ ಕಥೆಯೂ ಬಹುಮಟ್ಟಿಗೆ ಅಲ್ಲಿಂದ ಶುರುವಾಗುತ್ತದೆ: ಅಫ್ಜಲ್ ಖಾನನ ಸಾವಿನ ಬೆನ್ನಿಗೇ 1659ರಲ್ಲಿ ಶಿವಾಜಿ ಗಡವನ್ನು ಗೆದ್ದದ್ದು, 1660ರಲ್ಲಿ ಸಿದ್ದಿ ಜೌಹರನ ತಿಂಗಳುಗಟ್ಟಲೆಯ ಮುತ್ತಿಗೆ, ಜುಲೈ ತಿಂಗಳ ಮಳೆಯ ರಾತ್ರಿ ವಿಶಾಳಗಡದತ್ತ ಪಾರಾದದ್ದು, ಶಿವಾ ಕಾಶೀದ ಮತ್ತು ಬಾಜಿ ಪ್ರಭು ಪ್ರಾಣ ಕೊಟ್ಟದ್ದು, 1673ರಲ್ಲಿ ಕೊಂಡಾಜಿ ಫರ್ಜಂದ 60 ಆಳುಗಳೊಂದಿಗೆ ಗಡವನ್ನು ಮರಳಿ ಗೆದ್ದದ್ದು. ಕೇಳುವಾಗ ಮೈ ನವಿರೇಳುತ್ತದೆ. ಮುಂದೆ ತಾರಾಬಾಯಿಯ ಕಾಲದಿಂದ 1782ರವರೆಗೆ ಕೊಲ್ಲಾಪುರ ಸಂಸ್ಥಾನದ ರಾಜಧಾನಿಯೂ ಇದೇ. ಮರಾಠಿ ಕವಿ ಮೋರೋಪಂತ 1729ರಲ್ಲಿ ಹುಟ್ಟಿದ್ದು ಇಲ್ಲಿಯೇ. ಭೋಜರಾಜ ಎಂಬ ಹೆಸರು ಮಾತ್ರ ಈ ಕಥೆಗೆ ಮುನ್ನುಡಿಯ ಒಂದು ಸಾಲಾಗಿ ಬಂದು ಹೋಗುತ್ತದೆ. ಆ ಒಂದು ಸಾಲಿನ ಹಿಂದೆ ಇರುವುದನ್ನು ಹುಡುಕುತ್ತ ಮಿರಜಕ್ಕೆ ಬರೋಣ.

ಬೆಳಗಾವಿ, ವಿಜಾಪುರ ಕಡೆಯ ಕನ್ನಡಿಗರಿಗೆ ಮಿರಜ ಎಂದರೆ ದವಾಖಾನೆ. ವಿಲಿಯಂ ವಾನ್ಲೆಸ್ 1894ರಲ್ಲಿ ಕಟ್ಟಿದ ಆಸ್ಪತ್ರೆಯಿಂದ ಹಿಡಿದು ಇಂದಿನವರೆಗೆ ಅಥಣಿ, ರಾಯಬಾಗ, ಚಿಕ್ಕೋಡಿಯ ರೋಗಿಗಳು ಅಲ್ಲಿಗೆ ಬರುತ್ತಲೇ ಇದ್ದಾರೆ. ಸಂಗೀತಗಾರರಿಗೆ ಮಿರಜ ಎಂದರೆ ತಂಬೂರಿ, ಅಬ್ದುಲ್ ಕರೀಂ ಖಾನರು, ಮೀರಾಸಾಹೇಬರ ದರ್ಗಾ. ಶಾಸನ ಓದುವವರಿಗೆ ಮಾತ್ರ ಅದು ಮಿರಿಂಜೆ: ಒಂದು ನಾಡಿನ ಹೆಸರು. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹ ಶಕ 946ರಲ್ಲಿ, ಅಂದರೆ 1024ರಲ್ಲಿ, ಕೊಲ್ಲಾಪುರದ ಬಳಿ ಬೀಡುಬಿಟ್ಟಿದ್ದಾಗ ಕೊಟ್ಟ ತಾಮ್ರಪಟ ದೊರೆತದ್ದು ಮಿರಜದಲ್ಲಿ. ಚಾಲುಕ್ಯ ವಂಶಾವಳಿಯನ್ನು ಕಟ್ಟಲು ವಿದ್ವಾಂಸರು ಬಳಸಿದ ಮುಖ್ಯ ಆಧಾರಗಳಲ್ಲಿ ಅದೊಂದು. ಶಿಲಾಹಾರ ಮಾರಸಿಂಹನ 1058ರ ತಾಮ್ರಪಟವೂ ಮಿರಜದ್ದೇ. ಅದರಲ್ಲಿ ಅವನ ನೆಲೆ ಖಿಳಿಗಿಳ ಎಂಬ ದುರ್ಗ. ಈ ದುರ್ಗವೇ ಪನ್ಹಾಳ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಹೆಸರಿನ ಆಧಾರವೊಂದೇ ಸಾಲದಾದ್ದರಿಂದ ನಾನು ಅದನ್ನು ಈ ವಾದದಲ್ಲಿ ಬಳಸುವುದಿಲ್ಲ. ಆದರೆ ಹನ್ನೊಂದನೆಯ ಶತಮಾನದ ನಡುವಿನಲ್ಲೇ ಈ ಮನೆತನಕ್ಕೆ ಗುಡ್ಡದ ಮೇಲಿನ ನೆಲೆಯೊಂದು ಇತ್ತು ಎಂಬಷ್ಟು ನಿಶ್ಚಿತ. ಇದೇ ಮಾರಸಿಂಹನ ಮಗಳು ಚಂದಲದೇವಿ. ಬಿಲ್ಹಣ ವರ್ಣಿಸಿದ ಕರಹಾಟದ ಸ್ವಯಂವರದಲ್ಲಿ ಆರನೆಯ ವಿಕ್ರಮಾದಿತ್ಯನನ್ನು ವರಿಸಿದವಳು.

ದೀರ್ಘಕಾಲ ಆಳಿದ, ಮಾರಸಿಂಹನ ಮಗ ಗಂಡರಾದಿತ್ಯನ ಬಗ್ಗೆ ಬಯಲಿನ ದಾಖಲೆಗಳು ಹೆಚ್ಚು ಮಾತಾಡುತ್ತವೆ. 1110ರ ತಾಳಲೆ ತಾಮ್ರಪಟದ ಪ್ರಕಾರ ಅವನು ಮಿರಿಂಜೆ ದೇಶದ ಇರುಕುಡಿಯಲ್ಲಿ ಗಂಡಸಮುದ್ರ ಎಂಬ ಕೆರೆ ಕಟ್ಟಿಸಿದ. ಅದರ ದಂಡೆಯ ಮೇಲೆ ಈಶ್ವರ, ಬುದ್ಧ, ಅರ್ಹಂತ ಮೂವರನ್ನೂ ಪ್ರತಿಷ್ಠಿಸಿದ. ಮೂವರಿಗೂ ಭೂಮಿ ಬಿಟ್ಟ. ಮಿರಜ-ಕೊಲ್ಲಾಪುರ ರೈಲುದಾರಿಯ ಮೇಲಿನ ರುಕಡಿಯೇ ಆ ಇರುಕುಡಿ ಇರಬಹುದೇ ಎಂಬ ಪ್ರಶ್ನೆ ಆ ಹೆಸರು ಕೇಳಿದೊಡನೆ ಏಳುತ್ತದೆ. ನನಗೆ ಈ ಶಾಸನದಲ್ಲಿ ಬಹುಮುಖ್ಯವಾಗಿ ಕಾಣುವುದು ಬುದ್ಧ. ಹನ್ನೆರಡನೆಯ ಶತಮಾನದ ಆರಂಭಕ್ಕೆ ದಖ್ಖನದಲ್ಲಿ ಬೌದ್ಧ ನೆಲೆಗಳು ವಿರಳವಾಗಿದ್ದವು. ಅಂಥ ಕಾಲದಲ್ಲಿ ಕೊಲ್ಲಾಪುರದ ಮಹಾಲಕ್ಷ್ಮಿಯ ವರಪ್ರಸಾದ ಪಡೆದವನೆಂದು ಬಿರುದು ಹೇಳಿಕೊಳ್ಳುವ ಮಾಂಡಳಿಕನೊಬ್ಬ ಒಂದೇ ಕೆರೆಯ ದಂಡೆಗೆ ಮೂರು ಧರ್ಮಗಳನ್ನು ಕರೆತಂದದ್ದು ಈ ನಾಡಿನ ಚರಿತ್ರೆಯ ಹೊಳೆಯುವ ಸಂಗತಿಗಳಲ್ಲಿ ಒಂದು. ಮಿರಜದ ಮಕ್ಕಳ ಪಾಠದಲ್ಲಿ ಅದು ಇರಬೇಕಿತ್ತು.

ಮಿರಿಂಜೆಯ ಬಯಲು ಬರೀ ದೇವಾಲಯಗಳ ಬಯಲಾಗಿರಲಿಲ್ಲ, ಪೇಟೆಯ ಬಯಲೂ ಆಗಿತ್ತು. ಶಕ 1058ರ ಕೊಲ್ಲಾಪುರದ ಕನ್ನಡ ಶಾಸನದಲ್ಲಿ ಗಂಡರಾದಿತ್ಯನ ಸಾಮಂತ ನಿಂಬದೇವ ಬಸದಿ ಕಟ್ಟಿಸುತ್ತಾನೆ. ಕೊಲ್ಲಾಪುರ, ಮಿರಜೆ ಮೊದಲಾದ ಪೇಟೆಗಳ ವರ್ತಕರು ಸಭೆ ಸೇರಿ, ತಮ್ಮಲ್ಲಿ ಮಾರಾಟವಾಗುವ ಸರಕಿನ ಮೇಲೆ ಬಸದಿಗೆ ಇಂತಿಷ್ಟು ಎಂದು ಒಪ್ಪಿಕೊಳ್ಳುತ್ತಾರೆ. ಶಕ 1065-66ರ ಮಿರಜದ ಶಾಸನ ಗಂಡರಾದಿತ್ಯನ ಮಗ ವಿಜಯಾದಿತ್ಯನ ಕಾಲದ್ದು. ಅಲ್ಲಿಯೂ ಅಯ್ಯಾವೊಳೆಯ ಐನೂರ್ವರು, ವೀರಬಣಂಜುಗಳು ತಮ್ಮ ಬಿರುದಾವಳಿಯೊಂದಿಗೆ ಬರುತ್ತಾರೆ. ಇವೆರಡನ್ನೂ ಒಟ್ಟಿಗೆ ಸಂಪಾದಿಸಿ ಪ್ರಕಟಿಸಿದವರು ಎಲ್. ಡಿ. ಬಾರ್ನೆಟ್. ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಂಡ, ಗುಡ್ಡವನ್ನು ಧ್ವಜದ ಲಾಂಛನ ಮಾಡಿಕೊಂಡ ಈ ವರ್ತಕ ಸಮೂಹ ಕೃಷ್ಣೆಯ ಗುಂಟ ಮಿರಜೆಯವರೆಗೆ, ಅಲ್ಲಿಂದ ಘಟ್ಟದ ಬುಡದವರೆಗೆ ಹಬ್ಬಿತ್ತು. ಘಟ್ಟ ಇಳಿದರೆ ಕೊಂಕಣದ ಬಂದರುಗಳು. ಪನ್ಹಾಳದ ಗುಡ್ಡ ನಿಂತಿರುವುದು ಈ ದಾರಿಯ ಮೇಲೆ. ಗುಡ್ಡದ ಮೇಲಿನ ಕಾವಲು ಯಾರ ಸುಂಕದಿಂದ ನಡೆಯಿತು, ಯಾವ ಸರಕಿನ ಸಲುವಾಗಿ ನಡೆಯಿತು ಎಂಬುದಕ್ಕೆ ಉತ್ತರ ಹುಡುಕಬೇಕಾದ್ದು ಈ ಪೇಟೆ ಶಾಸನಗಳಲ್ಲಿ.

ಬಯಲಿನ ನಂಟು ಇಷ್ಟಕ್ಕೇ ನಿಲ್ಲುವುದಿಲ್ಲ. ಕೊಲ್ಲಾಪುರದ ರೂಪನಾರಾಯಣ ಬಸದಿಯ ಆಚಾರ್ಯ ಮಾಘನಂದಿ ಸಿದ್ಧಾಂತದೇವರ ಹೆಸರು ತೇರದಾಳದ ನೇಮಿನಾಥ ಬಸದಿಯ ಶಾಸನದಲ್ಲೂ ಬರುತ್ತದೆ; ರೂಪನಾರಾಯಣ ಎಂಬುದು ಗಂಡರಾದಿತ್ಯನ ಬಿರುದು. ವಿಜಯಾದಿತ್ಯನ 1143ರ ಕೊಲ್ಲಾಪುರ ಶಾಸನವೂ ಬಾಮಣಿಯ ಶಾಸನವೂ ಸಂಸ್ಕೃತದಲ್ಲಿವೆ, ಆದರೆ ಲಿಪಿ ಕನ್ನಡದ್ದು. ಕೀಲ್‌ಹಾರ್ನ್ ಅವುಗಳನ್ನು ಪ್ರಕಟಿಸಿದ್ದಾನೆ. ಕನ್ನಡದ ನೇಮಿನಾಥಪುರಾಣವನ್ನು ಬರೆದ ಕರ್ಣಪಾರ್ಯನಿಗೆ ಆಶ್ರಯ ಕೊಟ್ಟವನು ವಿಜಯಾದಿತ್ಯನ ಮಂತ್ರಿ ಲಕ್ಷ್ಮ. ಅಂದರೆ ಪನ್ಹಾಳದ ಒಡೆಯರ ಆಸ್ಥಾನದಲ್ಲಿ ಚಂಪೂಕಾವ್ಯವೊಂದು ಹುಟ್ಟಿತು. ನಮ್ಮ ಸಾಹಿತ್ಯ ಚರಿತ್ರೆಗಳು ಕರ್ಣಪಾರ್ಯನನ್ನು ಒಂದು ಪುಟದಲ್ಲಿ ಮುಗಿಸುತ್ತವೆ, ಪನ್ಹಾಳದ ಚರಿತ್ರೆಗಳು ಅವನನ್ನು ಎತ್ತುವುದೇ ಇಲ್ಲ.

ಈಗ ಮುಖ್ಯ ಪ್ರಶ್ನೆ. ವಿಜಯಾದಿತ್ಯನ ಶಾಸನಗಳಲ್ಲಿ ಅವನ ನೆಲೆವೀಡು ವಳವಾಡ. ಅವನ ಮಗ ಎರಡನೆಯ ಭೋಜ ಶಕ 1113ರಲ್ಲಿ, ಅಂದರೆ 1191ರಲ್ಲಿ, ಕಶೇಳಿ ತಾಮ್ರಪಟ ಕೊಡುವ ಹೊತ್ತಿಗೆ ಪದ್ಮನಾಳ ದುರ್ಗದಲ್ಲಿದ್ದಾನೆ. ಪದ್ಮನಾಳ, ಪ್ರಣಾಲಕ, ಪನ್ನಾಳೆ ಇವೆಲ್ಲ ಪನ್ಹಾಳದ ಹಳೆಯ ರೂಪಗಳು. ಬಯಲಿನ ಬೀಡನ್ನು ಬಿಟ್ಟು ಅರಸ ಗುಡ್ಡ ಏರಿದ್ದೇಕೆ?

ಕಾಲವನ್ನು ನೋಡಿದರೆ ಕಾರಣ ತಿಳಿಯುತ್ತದೆ. ಶಿಲಾಹಾರರು ಕಲ್ಯಾಣದ ಮಹಾಮಂಡಳೇಶ್ವರರಾಗಿದ್ದವರು. ಬಿಜ್ಜಳ ಕಲ್ಯಾಣವನ್ನು ಹಿಡಿದ ಮೇಲೆ ಮೇಲೊಡೆತನ ಸಡಿಲವಾಯಿತು. 1180ರ ದಶಕ ಮುಗಿಯುವುದರೊಳಗೆ ಚಾಲುಕ್ಯ ಸಾಮ್ರಾಜ್ಯವೇ ಒಡೆದು, ಬಡಗಣದಿಂದ ಸೇವುಣರು, ತೆಂಕಣದಿಂದ ಹೊಯ್ಸಳರು ಮುನ್ನುಗ್ಗಿದರು. ನಡುವೆ ಸಿಕ್ಕ ಚಿಕ್ಕ ಮನೆತನಗಳಿಗೆ ಎರಡೇ ದಾರಿ: ಒಬ್ಬರಿಗೆ ತಲೆಬಾಗುವುದು ಅಥವಾ ತಾವೇ ಸಾರ್ವಭೌಮರೆಂದು ಸಾರುವುದು. ಭೋಜ ಎರಡನೆಯದನ್ನು ಆರಿಸಿಕೊಂಡ. ಸೋಮದೇವನೆಂಬ ಜೈನ ವೈಯಾಕರಣಿ 1205ರಲ್ಲಿ ಆಜುರಿಕೆಯಲ್ಲಿ, ಇಂದಿನ ಆಜರಾದಲ್ಲಿ, ಗಂಡರಾದಿತ್ಯ ಕಟ್ಟಿಸಿದ್ದ ತ್ರಿಭುವನತಿಲಕ ಬಸದಿಯಲ್ಲಿ ಕೂತು ಶಬ್ದಾರ್ಣವಚಂದ್ರಿಕೆಯನ್ನು ಮುಗಿಸಿದ. ಅದರ ಕೊನೆಯಲ್ಲಿ ಭೋಜನಿಗೆ ಸಲ್ಲುವ ಬಿರುದುಗಳು ಮಾಂಡಳಿಕನವಲ್ಲ. ರಾಜಾಧಿರಾಜ, ಪರಮೇಶ್ವರ, ಪಶ್ಚಿಮ ಚಕ್ರವರ್ತಿ. ಇಂಥ ಬಿರುದಿಗೆ ಬಯಲಿನ ಬೀಡು ಸಾಲದು. ಪನ್ಹಾಳ, ವಿಶಾಳಗಡ, ಭೂದರಗಡ, ಸಾತಾರಾ, ಬಾವಡಾ ಮೊದಲಾಗಿ ಹದಿನೈದು ಕೋಟೆಗಳನ್ನು ಭೋಜ ಕಟ್ಟಿಸಿದನೆಂಬ ಹೇಳಿಕೆ ಪರಂಪರೆಯಲ್ಲಿದೆ. ಎಣಿಕೆ ಹಾಗಿರಲಿ, ಘಟ್ಟದ ದಾರಿಗಳನ್ನು ಒಂದೊಂದಾಗಿ ಗುಡ್ಡದ ಮೇಲಿನಿಂದ ಹಿಡಿದಿಡುವ ಯೋಜನೆ ಅವನದಾಗಿತ್ತು ಎಂಬುದು ನಂಬತಕ್ಕದ್ದು. ಕಶೇಳಿ ಕೊಂಕಣದ ಕಡಲ ಬದಿಯ ಊರು. ಘಟ್ಟದ ಮೇಲಿನ ಕೋಟೆಯಿಂದ ಕಡಲ ಬದಿಯ ಊರಿಗೆ ದತ್ತಿ ಹೊರಡುತ್ತದೆ ಎಂದರೆ ಆ ಕೋಟೆ ಯಾವ ಎರಡು ಸೀಮೆಗಳ ನಡುವೆ ನಿಂತಿತ್ತೆಂದು ಬೇರೆ ಹೇಳಬೇಕಿಲ್ಲ.

ಹೊರಗಿನ ಲೋಕದ ಒಂದು ಸಾಮ್ಯವನ್ನು ಇಲ್ಲಿ ನೆನೆಯುತ್ತೇನೆ. ಇಟಲಿಯ ತಸ್ಕನಿಯಲ್ಲಿ ಸಿಯೆನಾ ಮತ್ತು ಫ್ಲಾರೆನ್ಸ್ ನಗರಗಳು ಒಂದನ್ನೊಂದು ಕಾದು ಕೂತಿದ್ದ ಕಾಲದಲ್ಲಿ, ಸಿಯೆನಾದವರು 1214ರ ಸುಮಾರಿಗೆ ದಾರಿಯ ಮೇಲಿನ ಗುಡ್ಡವೊಂದನ್ನು ಆರಿಸಿ ಮೊಂತೆರಿಜ್ಜೋನಿ ಎಂಬ ಕೋಟೆಯೂರನ್ನು ಕಟ್ಟತೊಡಗಿದರು. ಅದರ ಗೋಡೆಯ ಸುತ್ತಳತೆ ಸುಮಾರು 570 ಮೀಟರ್, ಗೋಪುರಗಳು 14. ದಾಂತೆ ನರಕದ ದೈತ್ಯರನ್ನು ಆ ಗೋಪುರಗಳಿಗೆ ಹೋಲಿಸಿದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಇಂದು ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ, ಚೌಕದಲ್ಲಿ ಕುಳಿತು ಉಂಡು ಹೋಗುತ್ತಾರೆ. ಪನ್ಹಾಳಕ್ಕೆ ಬಂದವರು ಝುಣಕ-ಭಾಕರಿ ಉಂಡು ಹೋಗುವಂತೆಯೇ. ಅಳತೆಯಲ್ಲಿ ಅದು ಪನ್ಹಾಳದ ಒಂದು ಮೂಲೆಗೆ ಸಮ. ಎರಡೂ ಕಡೆ ತರ್ಕ ಒಂದೇ: ಗುಡ್ಡದೂರು ತನಗಾಗಿ ಹುಟ್ಟಲಿಲ್ಲ, ಕೆಳಗಿನ ದಾರಿಗಾಗಿ ಹುಟ್ಟಿತು. ಮೊಂತೆರಿಜ್ಜೋನಿ ಯಾಕೆ ಕಟ್ಟಿದರೆಂದು ತಿಳಿಯಬೇಕಾದವರು ಸಿಯೆನಾ ನಗರದ ಚರಿತ್ರೆಯನ್ನು ಓದುತ್ತಾರೆ. ಪನ್ಹಾಳಕ್ಕೆ ಬಂದವರಿಗೂ ಅದೇ ಕ್ರಮ ಬೇಕು.

ಮೊಂತೆರಿಜ್ಜೋನಿಯ ಗೋಡೆ ಏಳುತ್ತಿದ್ದ ಅದೇ ಹೊತ್ತಿಗೆ ಪನ್ಹಾಳದ ಅರಸೊತ್ತಿಗೆ ಮುಗಿದಿತ್ತು. ಇದಕ್ಕೆ ಸಾಕ್ಷಿಯೂ ಬಯಲಿನಲ್ಲಿಯೇ, ಮಿರಜದಿಂದ ದೂರವಿಲ್ಲದ ಖಿದ್ರಾಪುರದಲ್ಲಿ ಇದೆ. ಕೃಷ್ಣೆಯ ತೀರದ ಕೋಪೇಶ್ವರ ದೇವಾಲಯ ಶಿಲಾಹಾರ ಶಿಲ್ಪದ ಶಿಖರ. ಆಕಾಶಕ್ಕೆ ತೆರೆದ ದುಂಡನೆಯ ಸ್ವರ್ಗಮಂಟಪ, ಆನೆಗಳು ಹೊತ್ತ ಅಧಿಷ್ಠಾನ, ಗೋಡೆ-ಕಂಬಗಳ ಮೇಲೆ ಕನ್ನಡ ಬರಹಗಳು. ಅಲ್ಲಿಯೇ ಶಕ 1136ರ ನಾಗರಿ ಲಿಪಿಯ ಸಂಸ್ಕೃತ ಶಾಸನವೊಂದಿದೆ. ಅದರಲ್ಲಿ ದತ್ತಿ ಕೊಡುವವನು ಸೇವುಣರ ಸಿಂಘಣ. ಶಿಲಾಹಾರರು ಕಟ್ಟಿಸಿದ ಗುಡಿಗೆ ಸಿಂಘಣ ಊರು ಬಿಡುತ್ತಾನೆಂದರೆ ಅಷ್ಟರೊಳಗೆ ಸೀಮೆ ಕೈಬದಲಾಗಿತ್ತು. ಭೋಜನನ್ನು ಅವನದೇ ಗುಡ್ಡದ ಕೋಟೆಯಲ್ಲಿ ಸೆರೆಯಿಟ್ಟರೆಂಬುದು ಕೆಲವು ವಿದ್ವಾಂಸರ ಅಭಿಪ್ರಾಯ. ಆ ಮನೆತನದ ಆಳ್ವಿಕೆ ಅಲ್ಲಿಗೆ ನಿಂತಿತು.

ಸಿಂಘಣನ ಪ್ರಶಸ್ತಿಕಾರರು ಈ ಗೆಲುವನ್ನು ಹೇಳಿದ ರೀತಿ ಗಮನಿಸತಕ್ಕದ್ದು. ಪನ್ನಾಳೆಯಲ್ಲಿ ನೆಲೆಸಿದ ಭೋಜ ಹಾವು, ಅದನ್ನು ಓಡಿಸಿದ ಸಿಂಘಣ ಗರುಡ. ಮೇಲ್ನೋಟಕ್ಕೆ ಇದು ಸವೆದ ರೂಪಕ. ಆದರೆ ಶಿಲಾಹಾರರು ತಮ್ಮನ್ನು ಜೀಮೂತವಾಹನನ ವಂಶದವರೆಂದು ಕರೆದುಕೊಂಡರು. ನಾಗನೊಬ್ಬನ ಪ್ರಾಣ ಉಳಿಸಲು ಗರುಡನಿಗೆ ತನ್ನ ಮೈಯನ್ನೇ ಒಡ್ಡಿದ ವಿದ್ಯಾಧರ ಅವನು. ಅವರ ಧ್ವಜ ಸುವರ್ಣ ಗರುಡನದು. ಸೇವುಣರ ಧ್ವಜವೂ ಗರುಡನದೇ. ಹಾಗಾದರೆ ಭೋಜನನ್ನು ಹಾವಾಗಿಸಿದ ಕವಿ ಅವನ ರಾಜ್ಯದ ಜೊತೆಗೆ ಲಾಂಛನವನ್ನೂ ಕಸಿದುಕೊಂಡ. ನಾಗರನ್ನು ಕಾಯ್ದ ವಂಶದವನು ಕಾಯುವವರಿಲ್ಲದ ನಾಗನಾದ. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಎರಡೂ ಆಸ್ಥಾನಗಳ ಪಂಡಿತರು ಒಂದೇ ಕಥಾಭಂಡಾರದಿಂದ ಉಂಡವರು, ಎದುರಾಳಿಯ ವಂಶಕಥೆಯನ್ನು ಅರಿತೇ ಈ ಏಟು ಕೊಟ್ಟಿದ್ದಾರೆ.

ಮುಂದಿನ ಏಳು ಶತಮಾನಗಳಲ್ಲಿ ಗಡ ಕೈಯಿಂದ ಕೈಗೆ ಹೋಯಿತು. ಬಯಲಿನೊಂದಿಗೆ ಅದರ ನಂಟು ಮಾತ್ರ ಕಡಿಯಲಿಲ್ಲ. ಪಟವರ್ಧನರ ಕಾಲಕ್ಕೆ ಸಾಂಗ್ಲಿ ಸಂಸ್ಥಾನದಲ್ಲಿ ತೇರದಾಳ, ಶಿರಹಟ್ಟಿಗಳೂ ಮಿರಜ ಸಂಸ್ಥಾನದಲ್ಲಿ ಲಕ್ಷ್ಮೇಶ್ವರವೂ ಸೇರಿದ್ದವು. 1948ರಲ್ಲಿ ಸಂಸ್ಥಾನಗಳು ವಿಲೀನವಾಗಿ, ಮುಂದೆ ಭಾಷಾವಾರು ರಾಜ್ಯಗಳಾದಾಗ ಈ ಸೀಮೆಯ ದಾಖಲೆ ಒಂದು ಕಡೆಗೂ ಅದನ್ನು ಓದಬಲ್ಲವರು ಇನ್ನೊಂದು ಕಡೆಗೂ ಆದರು. ಶಿಲಾಹಾರ ಶಾಸನಗಳನ್ನೆಲ್ಲ ಒಟ್ಟುಗೂಡಿಸಿ ವಾ. ವಿ. ಮಿರಾಶಿಯವರು 1977ರಲ್ಲಿ ಸಂಪುಟವೊಂದನ್ನು ಹೊರತಂದರು. ಈ ವಿಷಯದಲ್ಲಿ ಕೆಲಸ ಮಾಡುವವರೆಲ್ಲ ಅವರಿಗೆ ಋಣಿಗಳು. ಆದರೆ ಅದು ಇಂಗ್ಲಿಷಿನಲ್ಲಿರುವ ವಿದ್ವತ್ ಗ್ರಂಥ. ಜತ್ತ ತಾಲ್ಲೂಕಿನ ಕನ್ನಡ ಶಾಲೆಯ ಹುಡುಗಿಗೂ ಪನ್ಹಾಳದ ಮರಾಠಿ ಮಾರ್ಗದರ್ಶಕನಿಗೂ ಅದು ತಲುಪುವುದಿಲ್ಲ.

2025ರ ಜುಲೈನಲ್ಲಿ ಯುನೆಸ್ಕೋ ಮರಾಠಾ ಸೈನಿಕ ಭೂದೃಶ್ಯಗಳೆಂದು ಹನ್ನೆರಡು ಕೋಟೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪನ್ಹಾಳ ಅದರಲ್ಲಿ ಒಂದು. ಅದು ಯೋಗ್ಯವಾದ ಗೌರವ. ಇನ್ನು ಗಡಕ್ಕೆ ಬರುವವರು ಹೆಚ್ಚುತ್ತಾರೆ, ಫಲಕಗಳು ಹೊಸದಾಗುತ್ತವೆ, ಕೈಪಿಡಿಗಳು ಅಚ್ಚಾಗುತ್ತವೆ. ಈ ಹೊತ್ತಿನಲ್ಲೇ ಮಾಡಬೇಕಾದ ಕೆಲಸ ಎರಡು. ಮೊದಲನೆಯದು, ಗಡದ ಮೇಲೆ ಮರಾಠಿ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಭೋಜನ ಕಾಲದ ಫಲಕವೊಂದು ನಿಲ್ಲಬೇಕು. ಅದರಲ್ಲಿ ಕಶೇಳಿ ತಾಮ್ರಪಟದ ವರ್ಷವೂ ಖಿದ್ರಾಪುರ ಶಾಸನದ ವರ್ಷವೂ ಇರಬೇಕು. ಎರಡನೆಯದು ನಮ್ಮ ಪಾಲಿನದು. ಕೊಲ್ಲಾಪುರ ಮತ್ತು ಮಿರಜದ ಶಿಲಾಹಾರ ಶಾಸನಗಳ ಕನ್ನಡ ಪಾಠ, ಹೊಸಗನ್ನಡ ಅರ್ಥ, ಮರಾಠಿ ಅನುವಾದ ಸೇರಿದ ಚಿಕ್ಕ ಪುಸ್ತಕವೊಂದನ್ನು ಗಡಿಯ ಎರಡೂ ಬದಿಯ ವಿದ್ವಾಂಸರು ಕೂಡಿ ಮಾಡಬೇಕು. ಧಾರವಾಡ, ಬೆಳಗಾವಿ, ಕೊಲ್ಲಾಪುರಗಳ ವಿಶ್ವವಿದ್ಯಾಲಯಗಳಿಗೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ಈ ಟಿಪ್ಪಣಿಯನ್ನು ಓದಿದ ಅಧ್ಯಾಪಕರಲ್ಲಿ ಒಂದು ವಿನಂತಿ: ವಿದ್ಯಾರ್ಥಿಗಳನ್ನು ಪನ್ಹಾಳಕ್ಕೆ ಕರೆದೊಯ್ಯುವ ಮುನ್ನ ಒಂದು ದಿನ ಮಿರಜ ಮತ್ತು ಖಿದ್ರಾಪುರಕ್ಕೆ ಕರೆದೊಯ್ಯಿರಿ.